ನೇತ್ರಚಿಕಿತ್ಸೆಯೂ ಹೃದ್ರೋಗಿಯ ಚೇತರಿಕೆಯೂ: ನಾಚಾರಂ ಪರಿಸರದಿಂದ ಒಂದು ವಿವೇಚನೆ

ಹೈದರಾಬಾದಿನ ಪೂರ್ವಭಾಗದಲ್ಲಿ ಕಾರ್ಖಾನೆಗಳ ನೆಲೆಯಾಗಿ ಬೆಳೆದ ನಾಚಾರಂನಲ್ಲಿ, 1948ರ ಕಾರ್ಮಿಕರ ರಾಜ್ಯವಿಮಾ ಕಾಯಿದೆಯ ಫಲವಾದ ಇ.ಎಸ್.ಐ. ಆಸ್ಪತ್ರೆಯೊಂದುಂಟು. ಇಂತಹ ದುಡಿಮೆಯ ನೆಲೆಗಳಲ್ಲಿ, ಐವತ್ತು ದಾಟಿದವರ ದೇಹದಲ್ಲಿ ಮಧುಮೇಹ, ರಕ್ತದೊತ್ತಡ, ಹೃದಯಧಮನಿಗಳ ಸಂಕೋಚ ಮತ್ತು ಕಣ್ಣಿನ ಪೊರೆ ಒಟ್ಟಿಗೆ ಮನೆಮಾಡಿಕೊಂಡಿರುವುದು ಅಪೂರ್ವವೇನಲ್ಲ. ಬೀದರ, ಕಲಬುರಗಿಗಳ ಕಡೆಯ ಕನ್ನಡಿಗರು ಪೊರೆಯನ್ನು ಮೋತಿಬಿಂದುವೆಂದೇ ಕರೆಯುವರು; "ಬೈಪಾಸ್ ಆಗೇದ್ರಿ, ಮೋತಿಬಿಂದು ತೆಗಸಬಹುದೇನ್ರಿ?" ಎಂಬ ಅವರ ಪ್ರಶ್ನೆಯೇ ಈ ಲೇಖನದ ವಿಷಯ.

ಉತ್ತರಕ್ಕೆ ಮೊದಲು ಅರಿವಳಿಕೆಯ ಇತಿಹಾಸವನ್ನು ನೋಡಬೇಕು. ಶಸ್ತ್ರಕ್ರಿಯೆಗಾಗಿ ಕ್ಲೋರೋಫಾರ್ಮ್ ಕೊಟ್ಟು ಪ್ರಜ್ಞೆ ತಪ್ಪಿಸಿದ ರೋಗಿ ಸತ್ತರೆ ಮೊದಲು ನಿಲ್ಲುವುದು ಉಸಿರೋ ಹೃದಯವೋ ಎಂಬ ವಿವಾದವನ್ನು, ನಿಜಾಮರ ಆಶ್ರಯದಲ್ಲಿ ವೈದ್ಯ ಎಡ್ವರ್ಡ್ ಲಾರಿ ನಡೆಸಿದ 1888 ಮತ್ತು 1889ರ ಕ್ಲೋರೋಫಾರ್ಮ್ ಆಯೋಗಗಳು ಇದೇ ಹೈದರಾಬಾದಿನಲ್ಲಿ ಪರೀಕ್ಷಿಸಿ, ಉಸಿರೇ ಎಂದು ನಿರ್ಣಯಿಸಿದ್ದವು. ಹೃದಯವೂ ಹಠಾತ್ತನೆ ಸ್ತಬ್ಧವಾಗಬಲ್ಲುದೆಂದು ಗುಡ್‌ಮನ್ ಲೆವಿಯ ಪ್ರಯೋಗಗಳು 1911ರಲ್ಲಿ ತೋರಿದವು. ಆದರೆ ನೇತ್ರವೈದ್ಯವು ಅದಕ್ಕೂ ಮುಂಚೆಯೇ, 1884ರಲ್ಲಿ ಕಾರ್ಲ್ ಕೋಲರ್ ಕೊಕೇನಿನ ಹನಿಗಳಿಂದ ಕಣ್ಣನ್ನಷ್ಟೇ ಮರಗಟ್ಟಿಸಿದಂದಿನಿಂದ, ಆ ಅಪಾಯದಿಂದ ಬಹುಮಟ್ಟಿಗೆ ಮುಕ್ತವಾಗಿತ್ತು. ಹೃದ್ರೋಗಿಯ ಪಾಲಿಗೆ ಇದಕ್ಕಿಂತ ಮಿಗಿಲಾದ ಉಪಕಾರವನ್ನು ನಾನು ಕಾಣೆ.

ಇಂದು ಪೊರೆಯನ್ನು ತೆಗೆಯುವ ಸಣ್ಣ ಕೊಯ್ತವನ್ನು ರಕ್ತನಾಳಗಳಿಲ್ಲದ ಪಾರದರ್ಶಕ ಪಟಲದಲ್ಲಿಯೇ ಮಾಡಬಹುದಾದ್ದರಿಂದ, ಸ್ಟೆಂಟ್ ಹಾಕಿಸಿಕೊಂಡವರು ಸೇವಿಸುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆಗಳನ್ನು ಸಾಮಾನ್ಯವಾಗಿ ನಿಲ್ಲಿಸಬೇಕಾಗುವುದಿಲ್ಲ. ಕಣ್ಣಿನಲ್ಲಿ ರಕ್ತ ಬರುವುದೆಂಬ ಭಯದಿಂದ ರೋಗಿಯು ತಾನಾಗಿಯೇ ಮಾತ್ರೆ ಬಿಟ್ಟರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಸಂಚಕಾರ ಬಂದೀತು. ತೊಡಕಿರುವುದು ಅನ್ಯತ್ರ: ಬೈಪಾಸಿಗಾಗಿ ಸೀಳಿ ತಂತಿಯಿಂದ ಬಿಗಿದ ಎದೆಮೂಳೆ ಕೂಡಿಕೊಳ್ಳಲು ಆರರಿಂದ ಎಂಟು ವಾರ, ಪೂರ್ಣ ಬಲಗೊಳ್ಳಲು ಇನ್ನೂ ಹೆಚ್ಚು ಕಾಲ ಬೇಕು. ಕೆಮ್ಮುವಾಗ ದಿಂಬನ್ನು ಎದೆಗೆ ಅವುಚಿಕೊಳ್ಳುವ ಆ ದಿನಗಳಲ್ಲಿ, ಪೊರೆಯ ಶಸ್ತ್ರಕ್ರಿಯೆಗೆ ಬೇಕಾದಂತೆ ಅಂಗಾತ ಅಲುಗದೆ ಮಲಗಿರುವುದು ಕಷ್ಟಸಾಧ್ಯ. ಪೊರೆಯಾದರೋ ಬಹುಸಂದರ್ಭಗಳಲ್ಲಿ ಕಾಯಬಲ್ಲುದು.

ಹನಿಮದ್ದಿನ ವಿಷಯಕ್ಕೆ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲವೆಂಬುದು ನನ್ನ ದೃಢಾಭಿಪ್ರಾಯ. ಗ್ಲಾಕೋಮಾದಲ್ಲಿ ಕಣ್ಣಿನ ಒತ್ತಡವಿಳಿಸಲು ಬಿಡುವ ಟಿಮೊಲಾಲ್, ಹೃದಯದ ಬಡಿತವನ್ನು ತಗ್ಗಿಸುವ ಮಾತ್ರೆಗಳ ಸಗೋತ್ರವೇ ಆಗಿದೆ. ಕಣ್ಣಿಗೆ ಬಿಟ್ಟ ಹನಿ ಅಶ್ರುನಾಳದಲ್ಲಿಳಿದು, ಮೂಗಿನ ಒಳಪೊರೆಯಿಂದ ಯಕೃತ್ತನ್ನು ಹಾಯದೆ ನೇರವಾಗಿ ರಕ್ತಕ್ಕೆ ಸೇರುವುದು. ಬೈಪಾಸಿನ ನಂತರ ಮೆಟೊಪ್ರೊಲಾಲ್ ನುಂಗುತ್ತಿರುವವನಿಗೆ ಇದೂ ಕೂಡಿಕೊಂಡರೆ, ನಾಡಿ ಅತಿಯಾಗಿ ನಿಧಾನಿಸಿ ತಲೆಸುತ್ತಿ ಬೀಳುವ ಸಂಭವವುಂಟು. ಉಬ್ಬಸವಿರುವವರಿಗಂತೂ ಈ ಹನಿ ವರ್ಜ್ಯವೇ. ಹನಿ ಬಿಟ್ಟೊಡನೆ ರೆಪ್ಪೆಯನ್ನು ಮೆಲ್ಲನೆ ಮುಚ್ಚಿ, ಮೂಗಿನ ಪಕ್ಕದ ಕಣ್ಣಂಚನ್ನು ಬೆರಳಿನಿಂದ ಎರಡು ಮೂರು ನಿಮಿಷ ಒತ್ತಿ ಹಿಡಿದರೆ ರಕ್ತಕ್ಕೆ ಸೇರುವ ಮದ್ದು ಬಹುಮಟ್ಟಿಗೆ ತಗ್ಗುವುದು. ಕಾಸಿನ ಖರ್ಚಿಲ್ಲದ ಈ ಉಪಾಯವನ್ನು ಚೀಟಿಯೊಡನೆ ಬಾಯಿಮಾತಿನಲ್ಲಿಯೂ ತಿಳಿಸುವುದು ವೈದ್ಯರ ಕರ್ತವ್ಯ.

ಇನ್ನು, ಒಂದು ಕಣ್ಣಿಗೆ ಪರದೆ ಇಳಿದಂತಾಗಿ ಕೆಲವೇ ನಿಮಿಷಗಳಲ್ಲಿ ದೃಷ್ಟಿ ಮರಳಿದರೆ, ಅದನ್ನು ಪೊರೆಯೆಂದು ಭಾವಿಸಲಾಗದು. ಕೊರಳಿನ ಧಮನಿಯ ರೋಗದ, ಬರಲಿರುವ ಪಾರ್ಶ್ವವಾಯುವಿನ ಮುನ್ಸೂಚನೆ ಅದಾಗಿರಬಹುದಾದ್ದರಿಂದ ಆ ದಿನವೇ ಆಸ್ಪತ್ರೆಗೆ ಹೋಗತಕ್ಕದ್ದು.

ವಾಚಕರಲ್ಲಿ ನನ್ನ ವಿನಂತಿ ಇಷ್ಟೆ: ಕಣ್ಣಿನ ವೈದ್ಯರಲ್ಲಿಗೆ ಹೋಗುವಾಗ ಹೃದಯದ ಮಾತ್ರೆಗಳ ಚೀಟಿಯನ್ನೂ, ಹೃದಯದ ವೈದ್ಯರಲ್ಲಿಗೆ ಹೋಗುವಾಗ ಕಣ್ಣಿನ ಹನಿಯ ಸೀಸೆಯನ್ನೂ ಜೊತೆಯಲ್ಲಿ ಒಯ್ಯಿರಿ.