ಬ್ರೂಸೆಲ್ಲೋಸಿಸ್

ಬ್ರೂಸೆಲ್ಲೋಸಿಸ್ ಎಂಬುದು ಬ್ರೂಸೆಲ್ಲಾ ಕುಲದ ಬ್ಯಾಕ್ಟೀರಿಯಾಗಳಿಂದ ಉಂಟಾಗುವ, ಪ್ರಾಣಿಗಳಿಂದ ಮನುಷ್ಯರಿಗೆ ಹರಡುವ ಸಾಂಕ್ರಾಮಿಕ ರೋಗ. ಸೋಂಕು ತಗುಲಿದ ಗಬ್ಬದ ಜಾನುವಾರುಗಳು ಅವಧಿಗೆ ಮುನ್ನವೇ ಕಂದು ಹಾಕುವುದರಿಂದ ಇದನ್ನು ಕನ್ನಡದಲ್ಲಿ ಕಂದು ರೋಗ ಎಂದು ಕರೆಯುತ್ತಾರೆ. ಮಾಲ್ಟಾ ಜ್ವರ ಎಂಬ ಹೆಸರೂ ಇದಕ್ಕಿದೆ. ಮನುಷ್ಯರಲ್ಲಿ ಇದರ ಲಕ್ಷಣಗಳು ಮಲೇರಿಯಾ, ಟೈಫಾಯ್ಡ್ ಮತ್ತು ಕ್ಷಯರೋಗವನ್ನು ಹೋಲುತ್ತವೆ. ಹೀಗಾಗಿ ಹಲವು ಪ್ರಕರಣಗಳು ಪತ್ತೆಯಾಗದೆ ಉಳಿದು, ರೋಗವು ವಾಸ್ತವಕ್ಕಿಂತ ಅಪರೂಪವೆಂದು ತೋರುತ್ತದೆ.

ಇತಿಹಾಸ

1887ರಲ್ಲಿ ಬ್ರಿಟಿಷ್ ಸೇನಾ ವೈದ್ಯ ಡೇವಿಡ್ ಬ್ರೂಸ್, ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಮೃತಪಟ್ಟ ಸೈನಿಕರ ಗುಲ್ಮದಿಂದ ಈ ರೋಗಾಣುವನ್ನು ಪ್ರತ್ಯೇಕಿಸಿದರು. ಕುಲದ ಹೆಸರು ಅವರ ಗೌರವಾರ್ಥ ಬಂದುದು. 1897ರಲ್ಲಿ ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬಾಂಗ್ ದನಗಳ ಗರ್ಭಪಾತಕ್ಕೆ ಕಾರಣವಾದ ಪ್ರಭೇದವನ್ನು ಗುರುತಿಸಿದರು. 1905ರಲ್ಲಿ ಥೆಮಿಸ್ಟೋಕ್ಲಿಸ್ ಜಮ್ಮಿಟ್, ಆರೋಗ್ಯವಾಗಿ ಕಾಣುವ ಆಡುಗಳಲ್ಲೂ ಸೋಂಕು ಇರುತ್ತದೆಂದು ತೋರಿಸಿದರು. ಮರುವರ್ಷ ಸೈನಿಕರ ಆಹಾರದಿಂದ ಆಡಿನ ಹಾಲನ್ನು ಕೈಬಿಟ್ಟಾಗ ಅವರಲ್ಲಿ ರೋಗವು ತೀವ್ರವಾಗಿ ಇಳಿಯಿತು.

ಹರಡುವಿಕೆ

ಆಡು-ಕುರಿಗಳಲ್ಲಿ ಬ್ರೂಸೆಲ್ಲಾ ಮೆಲಿಟೆನ್ಸಿಸ್, ದನ-ಎಮ್ಮೆಗಳಲ್ಲಿ ಬ್ರೂಸೆಲ್ಲಾ ಅಬಾರ್ಟಸ್ ಪ್ರಭೇದಗಳು ಮುಖ್ಯವಾಗಿ ಕಂಡುಬರುತ್ತವೆ. ಕಾಯಿಸದ ಹಾಲು ಮತ್ತು ಅದರ ಉತ್ಪನ್ನಗಳ ಸೇವನೆ, ಕಂದಿದ ಭ್ರೂಣ, ಮಾಸು ಹಾಗೂ ಗರ್ಭಸ್ರಾವವನ್ನು ಬರಿಗೈಯಿಂದ ಮುಟ್ಟುವುದು ಸೋಂಕಿನ ಪ್ರಮುಖ ಮಾರ್ಗಗಳು. ರೋಗಾಣು ಚರ್ಮದ ಗಾಯ, ಕಣ್ಣು ಮತ್ತು ಉಸಿರಿನ ಮೂಲಕವೂ ದೇಹವನ್ನು ಸೇರಬಲ್ಲದು. ಕುರಿಗಾಹಿಗಳು, ಹೈನುಗಾರರು, ಕಸಾಯಿಖಾನೆಯ ಕಾರ್ಮಿಕರು, ಪಶುವೈದ್ಯರು ಮತ್ತು ಪ್ರಯೋಗಾಲಯದ ಸಿಬ್ಬಂದಿ ಹೆಚ್ಚು ಅಪಾಯಕ್ಕೆ ಒಳಗಾಗುತ್ತಾರೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದು ತೀರ ವಿರಳ.

ಲಕ್ಷಣಗಳು

ಬಿಟ್ಟುಬಿಟ್ಟು ಬರುವ ಜ್ವರ, ಅತಿಯಾದ ಬೆವರು, ಆಯಾಸ, ಕೀಲು ಹಾಗೂ ಬೆನ್ನುನೋವು ಸಾಮಾನ್ಯ ಲಕ್ಷಣಗಳು. ಚಿಕಿತ್ಸೆ ದೊರೆಯದಿದ್ದರೆ ಬೆನ್ನುಮೂಳೆ, ವೃಷಣ ಮತ್ತು ನರಮಂಡಲಕ್ಕೆ ಹಾನಿಯಾಗಬಹುದು. ಸಾವು ವಿರಳ, ಸಂಭವಿಸಿದಾಗ ಹೃದಯದ ಒಳಪೊರೆಯ ಸೋಂಕು ಅದಕ್ಕೆ ಮುಖ್ಯ ಕಾರಣ.

ಪತ್ತೆ ಮತ್ತು ಚಿಕಿತ್ಸೆ

ರಕ್ತದಲ್ಲಿನ ಪ್ರತಿಕಾಯಗಳ ಪರೀಕ್ಷೆ ಹಾಗೂ ರಕ್ತದ ಕೃಷಿಯಿಂದ ರೋಗವನ್ನು ಖಚಿತಪಡಿಸಲಾಗುತ್ತದೆ. ರೋಗಿಗೆ ಜಾನುವಾರುಗಳ ಒಡನಾಟವಿದೆಯೇ ಎಂಬ ಮಾಹಿತಿ ವೈದ್ಯರಿಗೆ ಮಹತ್ವದ ಸುಳಿವು. ರೋಗಾಣು ಜೀವಕೋಶಗಳ ಒಳಗೆ ಅಡಗುವುದರಿಂದ ಒಂದೇ ಔಷಧ ಸಾಲದು. ವಯಸ್ಕರಿಗೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಅನ್ನು ರಿಫಾಂಪಿಸಿನ್ ಅಥವಾ ಸ್ಟ್ರೆಪ್ಟೊಮೈಸಿನ್ ಜೊತೆಗೆ ನೀಡಲಾಗುತ್ತದೆ. ಚಿಕಿತ್ಸೆಯ ಅವಧಿ ಸುಮಾರು 6 ವಾರ. ಅವಧಿಗೆ ಮುನ್ನ ನಿಲ್ಲಿಸಿದರೆ ರೋಗ ಮರುಕಳಿಸಬಹುದು.

ಕರ್ನಾಟಕದಲ್ಲಿ

ಕುರಿ-ಆಡು ಸಾಕಣೆ ವ್ಯಾಪಕವಾಗಿರುವ ಉತ್ತರ ಕರ್ನಾಟಕದಲ್ಲಿ ಈ ರೋಗ ನೆಲೆಯೂರಿದೆ. ಕಲಬುರಗಿಗೆ ಹೊಂದಿಕೊಂಡ ವಿಜಯಪುರ ಜಿಲ್ಲೆಯಲ್ಲಿ ಬಿ. ಜಿ. ಮಂಟೂರ ಮತ್ತು ಸಹೋದ್ಯೋಗಿಗಳು 16 ವರ್ಷಗಳ ಅವಧಿಯಲ್ಲಿ ಗುರುತಿಸಿದ 495 ವಯಸ್ಕ ರೋಗಿಗಳ ವಿವರವನ್ನು 2006ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಯಲಹಂಕದಲ್ಲಿರುವ ರಾಷ್ಟ್ರೀಯ ಸಂಸ್ಥೆ ‘ನಿವೇದಿ’ಯಲ್ಲಿ ಜಾನುವಾರುಗಳ ಈ ರೋಗದ ಕುರಿತು ಸಂಶೋಧನೆ ನಡೆಯುತ್ತದೆ.

ತಡೆಗಟ್ಟುವಿಕೆ

ಮನುಷ್ಯರಿಗೆ ಸಾಮಾನ್ಯ ಬಳಕೆಯ ಲಸಿಕೆ ಇಲ್ಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ, ಜೀವಿತಾವಧಿಯಲ್ಲಿ ಒಮ್ಮೆ, ಲಸಿಕೆ ಹಾಕಲಾಗುತ್ತದೆ. ಹಾಲನ್ನು ಕುದಿಸಿ ಕುಡಿಯುವುದು, ಹೆರಿಗೆ ಮಾಡಿಸುವಾಗ ಕೈಗವಸು ಧರಿಸುವುದು, ಕಂದಿದ ಭ್ರೂಣ ಮತ್ತು ಮಾಸನ್ನು ನಾಯಿಗಳಿಗೆ ಎಟುಕದಂತೆ ಸುಣ್ಣ ಹಾಕಿ ಆಳವಾಗಿ ಹೂಳುವುದು ಮುಖ್ಯ ಮುನ್ನೆಚ್ಚರಿಕೆಗಳು.