ಮನ್ಯಾಗಿನ ಫೈಲ್ ಬೆಂಗಳೂರಾಗ ತೆಗಿಬೇಕಂದ್ರ: ನಾಸ್ ಡಬ್ಬಿ ಕೊಳ್ಳುವ ಮುಂಚೆ ನೋಡಬೇಕಾದದ್ದು

ಮುನವಳ್ಳಿ: ಲಗ್ನದ ಸೀಜನ್ ಮುಗಿದ ಮ್ಯಾಲ ಯಾವುದಾದರೂ ಫೋಟೊ ಸ್ಟುಡಿಯೊಕ್ಕೆ ಹೋಗಿ ನೋಡ್ರಿ. ಕೌಂಟರ್ ಕೆಳಗಿನ ಡ್ರಾದಾಗ ಐದಾರು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಬಿದ್ದಿರತಾವ. ಒಂದರ ಮೇಲೆ ಮಾರ್ಕರ್‌ನಿಂದ ವರ್ಷ ಬರೆದಿರುತ್ತದೆ, ಇನ್ನೊಂದರ ಮೇಲೆ ಅದೂ ಇಲ್ಲ. ಕೆಳಗೆ ಬಿದ್ದು ಟಿಕ್ ಟಿಕ್ ಅನ್ನುವ ಡಿಸ್ಕ್ ಒಂದಾದರೂ ಅದರಲ್ಲಿ ಇದ್ದೇ ಇರುತ್ತದೆ. ಕಿರಾಣಿ, ಬಟ್ಟೆ, ಗೊಬ್ಬರದ ಅಂಗಡಿಯವರ ತ್ರಾಸು ಬೇರೆ. ಟ್ಯಾಲಿ ಲೆಕ್ಕ ಅಂಗಡಿ ಕಂಪ್ಯೂಟರಿನಲ್ಲಿ, ಬಿಲ್ಲಿನ ಫೋಟೊ ಮೊಬೈಲಿನಲ್ಲಿ, ಆಡಿಟರ್ ಬೈಲಹೊಂಗಲದಲ್ಲೋ ಬೆಳಗಾವಿಯಲ್ಲೋ, ಕಂಪ್ಯೂಟರ್ ಗೊತ್ತಿರುವ ಮಗ ಬೆಂಗಳೂರಿನಲ್ಲಿ.

ಇಂಥವರಿಗೆ ಈಗ ಕಂಪ್ಯೂಟರ್ ಅಂಗಡಿಯವರು ತೋರಿಸುತ್ತಿರುವ ವಸ್ತು ನಾಸ್. ಪೂರ್ತಿ ಹೆಸರು ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್. ನೋಡಲಿಕ್ಕೆ ಸಣ್ಣ ಡಬ್ಬಿ, ಒಳಗೆ ಒಂದೆರಡು ಅಥವಾ ನಾಲ್ಕು ಹಾರ್ಡ್‌ಡಿಸ್ಕ್, ಹಿಂದೆ ಒಂದು ಲ್ಯಾನ್ ಕೇಬಲ್. ಅದು ರೌಟರ್‌ಗೆ ಸೇರುತ್ತದೆ. ಆಮೇಲೆ ಮನೆಯ ಎಲ್ಲ ಮೊಬೈಲ್, ಕಂಪ್ಯೂಟರ್, ಟಿವಿಗೂ ಅದೊಂದೇ ಕಪಾಟು. ಊರ ಹೊರಗಿನಿಂದಲೂ ತೆಗೆಯಬಹುದು ಅನ್ನುವುದೇ ಇದರ ದೊಡ್ಡ ಆಕರ್ಷಣೆ. ತೊಂದರೆ ಹುಟ್ಟುವುದೂ ಅಲ್ಲೇ.

ಅಂಗಡಿಗೆ ಹೋದವರು ಮೊದಲು ಕೇಳುವುದು "ಎಷ್ಟು ಟಿಬಿ?" ಅಂತ. ಅದು ಮೂರನೇ ಪ್ರಶ್ನೆ ಆಗಬೇಕು. ಹೊರಗಿನಿಂದ ಇದನ್ನ ತೆಗೆಯುವ ದಾರಿ ಯಾವುದು, ಎರಡನೇ ಪ್ರತಿ ಎಲ್ಲಿರುತ್ತದೆ ಅನ್ನುವ ಎರಡು ಮಾತು ಮೊದಲು ಇತ್ಯರ್ಥ ಆಗಬೇಕು.

ನಿಮಗ ಬೇಕೇನ್ರಿ?

ಎಲ್ಲರಿಗೂ ಬೇಕಾಗಿಲ್ಲ. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಪುಕ್ಕಟೆ ಜಾಗ 2021ರ ಜೂನ್ 1ಕ್ಕೆ ಬಂದ್ ಆಯಿತು. ಈಗ ಮೇಲ್, ಡ್ರೈವ್, ಫೋಟೊ ಎಲ್ಲ ಸೇರಿ ಪುಕ್ಕಟೆ ಸಿಗುವುದು 15 ಜಿಬಿ. ಅದು ತುಂಬಿದವರು ತಿಂಗಳಾ ರೊಕ್ಕ ಕಟ್ಟುವುದಕ್ಕೆ ಬೇಸತ್ತು ನಾಸ್ ಕಡೆ ನೋಡುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿ. 2 ಟಿಬಿ ಕ್ಲೌಡ್ ಜಾಗಕ್ಕೆ ವರ್ಷಕ್ಕೆ ಸುಮಾರು 6,500 ರೂಪಾಯಿ. ಎರಡು ಡಿಸ್ಕ್ ಹಿಡಿಯುವ ಒಳ್ಳೆ ಕಂಪನಿಯ ನಾಸ್‌ಗೆ ಬರೀ ಡಬ್ಬಿಯೇ 20 ಸಾವಿರದ ಆಸುಪಾಸು. ಡಿಸ್ಕ್ ಬೇರೆ, ಯುಪಿಎಸ್ ಬೇರೆ. ಮನೆಮಂದಿಯ ಫೋಟೊ ಅಷ್ಟೇ ಇದ್ದರೆ ಕ್ಲೌಡ್ ಸಾಕು, ಜತೆಗೆ ಮನೆಯಲ್ಲಿ ಒಂದು ಎಕ್ಸ್‌ಟರ್ನಲ್ ಡಿಸ್ಕ್.

ಸ್ಟುಡಿಯೊದವರ ಲೆಕ್ಕ ಹಂಗಲ್ಲ. 4ಕೆ ವಿಡಿಯೊವನ್ನು ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ರೆಕಾರ್ಡ್ ಮಾಡಿದರೆ ತಾಸಿಗೆ 45 ಜಿಬಿ. ಎರಡು ಕ್ಯಾಮೆರಾ, ನಾಲ್ಕು ತಾಸು ಅಂದರೆ ಒಂದೇ ಲಗ್ನಕ್ಕೆ 360 ಜಿಬಿ. ಅಕ್ಷತೆ ಬಿದ್ದ ಆರು ಲಗ್ನಕ್ಕೆ 2 ಟಿಬಿ ದಾಟಿತು. ಇಂಥವರಿಗೆ ನಾಸ್ ಖರೆ ಉಪಯೋಗ.

ಅಂಗಡಿಯವರಿಗೆ ಜಾಗ ಕಡಿಮೆ ಸಾಕು, ಆದರೆ ಬಹಳ ವರ್ಷ ಇಡಬೇಕು. ಜಿಎಸ್‌ಟಿ ಕಾಯ್ದೆಯ 36ನೇ ಕಲಂ ಪ್ರಕಾರ ಲೆಕ್ಕಪತ್ರವನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕು. 2023–24ರ ರಿಟರ್ನ್‌ಗೆ ಕೊನೆಯ ದಿನ 2024ರ ಡಿಸೆಂಬರ್ 31. ಅಂದರೆ ಆ ವರ್ಷದ ಬಿಲ್ 2030ರ ಡಿಸೆಂಬರ್ ತನಕ ಇರಬೇಕು. ಮೊದಲು ಕೀರ್ದಿ ಪುಸ್ತಕ ಟ್ರಂಕಿನಾಗ ಹಾಕಿ ಅಟ್ಟದ ಮ್ಯಾಲ ಇಟ್ಟರ ಆತಿತ್ತು. ಆರೇಳು ವರ್ಷ ಒಂದೇ ಹಾರ್ಡ್‌ಡಿಸ್ಕ್ ನಂಬಿ ಕೂಡ್ರುವುದು ಮಾತ್ರ ಆಗದ ಮಾತು.

ಹೊರಗಿನಿಂದ ಬರುವ ದಾರಿ

ಮನೆಯ ರೌಟರ್ ಅಂದರೆ ಓಣಿಯ ಬಾಗಿಲು ಅಂದುಕೊಳ್ಳಿ. ಹೊರಗಿನವರು ಒಳಗೆ ಬರಬೇಕಂದರೆ ಅದರಲ್ಲಿ ಒಂದು ಕಿಂಡಿ ತೆಗೆಯಬೇಕು. ಇದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಅನ್ನುತ್ತಾರೆ. ಹಳೆ ಪದ್ಧತಿ. ಇಂದಿಗೂ ಕೆಲ ಮೆಕ್ಯಾನಿಕ್‌ಗಳು ಮಾಡಿಕೊಡುವುದು ಇದನ್ನೇ.

ಇದರಲ್ಲಿ ಎರಡು ತೊಡಕು. ಒಂದು, ಬಹಳ ಕಡೆ ಅದು ನಡೆಯುವುದೇ ಇಲ್ಲ. ಇಂಟರ್‌ನೆಟ್ ಕಂಪನಿಗಳ ಹತ್ತಿರ ಎಲ್ಲರಿಗೂ ಬೇರೆ ಬೇರೆ ವಿಳಾಸ ಕೊಡುವಷ್ಟು ಹಳೆ ಮಾದರಿಯ ಐಪಿ ನಂಬರ್ ಉಳಿದಿಲ್ಲ. ಹಂಗಾಗಿ ನೂರಾರು ಮನೆಗೆ ಹೊರಗಡೆ ಒಂದೇ ನಂಬರ್ ಕೊಡುತ್ತಾರೆ. ಇದರ ಹೆಸರು ಸಿಜಿನ್ಯಾಟ್. ಒಂದೇ ಪೋಸ್ಟ್ ಡಬ್ಬಿ, ನೂರು ಮನೆ. ಹೊರಗಿನಿಂದ ಬಂದ ಪತ್ರ ಯಾರಿಗೆ ಅಂತ ಗೊತ್ತಾಗುವುದಿಲ್ಲ. ನಿಮ್ಮ ಲೈನ್ ಹಂಗೈತೇನು ಅಂತ ನೀವೇ ನೋಡಬಹುದು. ರೌಟರ್‌ನ ಪುಟ ತೆಗೆದು ವ್ಯಾನ್ ಐಪಿ ಅಂತ ಇರುವ ನಂಬರ್ ಬರೆದುಕೊಳ್ಳಿ. ಗೂಗಲ್‌ನಲ್ಲಿ 'ವಾಟ್ ಈಸ್ ಮೈ ಐಪಿ' ಅಂತ ಹುಡುಕಿ ಅಲ್ಲಿ ಬರುವ ನಂಬರ್‌ಗೆ ತಾಳೆ ಹಾಕಿ. ಎರಡೂ ಬೇರೆ ಇದ್ದರೆ, ಅಥವಾ ರೌಟರ್‌ನಲ್ಲಿ 100.64ರಿಂದ 100.127ರ ನಡುವೆ ಶುರುವಾಗುವ ನಂಬರ್ ಇದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಸ್ಟ್ಯಾಟಿಕ್ ಐಪಿ ಬೇಕಂದರೆ ಕಂಪನಿಗೆ ಬೇರೆ ರೊಕ್ಕ ಕಟ್ಟಬೇಕು.

ಎರಡನೇ ತೊಡಕು ಇನ್ನೂ ದೊಡ್ಡದು. ಕಿಂಡಿ ತೆಗೆದರೆ ನಿಮ್ಮ ಮಗ ಅಷ್ಟೇ ಅಲ್ಲ, ಜಗತ್ತೇ ಬಂದು ಬಾಗಿಲು ಬಡಿಯುತ್ತದೆ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಅನ್ನುವ ರ‍್ಯಾನ್ಸಮ್‌ವೇರ್ ಇಂಟರ್‌ನೆಟ್‌ಗೆ ತೆರೆದಿಟ್ಟ ಕ್ಯೂನ್ಯಾಪ್ ಕಂಪನಿಯ ನಾಸ್‌ಗಳಿಗೆ ಹೊಕ್ಕಿತು. ಫೈಲ್‌ಗಳನ್ನೆಲ್ಲ ಬೀಗ ಹಾಕಿ, ಕೀಲಿ ಬೇಕಂದರೆ 0.03 ಬಿಟ್‌ಕಾಯಿನ್ ಕೊಡು ಅಂತ ಪರದೆ ಮೇಲೆ ಬರೆಯಿತು. ಅವತ್ತಿನ ದರಕ್ಕೆ ಸುಮಾರು 80 ಸಾವಿರ ರೂಪಾಯಿ.

ಅದಕ್ಕಿಂತ ಏಳು ತಿಂಗಳು ಮುಂಚೆ, 2021ರ ಜೂನ್‌ನಲ್ಲಿ, ವೆಸ್ಟರ್ನ್ ಡಿಜಿಟಲ್ ಕಂಪನಿಯ ಮೈ ಬುಕ್ ಲೈವ್ ಡಬ್ಬಿ ಇಟ್ಟುಕೊಂಡವರು ಬೆಳಗ್ಗೆ ಎದ್ದು ನೋಡಿದರೆ ಡಿಸ್ಕ್ ಖಾಲಿ. ಯಾರೋ ದೂರದಿಂದ ಎಲ್ಲ ಅಳಿಸಿಹಾಕಿದ್ದರು. ಆ ಮಾದರಿಗೆ 2015ರ ನಂತರ ಅಪ್‌ಡೇಟ್ ಬಂದೇ ಇರಲಿಲ್ಲ. ಪೂರ್ತಿ ಅಳಿಸುವ ಮುಂಚೆ ಪಾಸ್‌ವರ್ಡ್ ಕೇಳಬೇಕಾದ ಸಾಲುಗಳನ್ನು ಪ್ರೋಗ್ರಾಂ ಬರೆದವರೇ ನಿಷ್ಕ್ರಿಯ ಮಾಡಿಟ್ಟಿದ್ದರು ಅನ್ನುವುದು ಆಮೇಲೆ ಬಯಲಾಯಿತು. ಸಂತೆಯಲ್ಲಿ ಸಿಕ್ಕಂತೆ ಹಳೆ ನಾಸ್ ಅಗ್ಗಕ್ಕೆ ಸಿಕ್ಕಿತು ಅಂತ ತರುವವರು ಇದನ್ನ ಒಮ್ಮೆ ನೆನಪು ಮಾಡಿಕೊಳ್ಳಬೇಕು. ಡಬ್ಬಿ ಗಟ್ಟಿ ಐತೋ ಇಲ್ಲೋ ಅನ್ನುವುದಕ್ಕಿಂತ ಅದಕ್ಕೆ ಇನ್ನೂ ಅಪ್‌ಡೇಟ್ ಬರತೈತೋ ಇಲ್ಲೋ ಅನ್ನುವುದು ಮುಖ್ಯ.

ಹಂಗಾದ್ರ ಏನು ಮಾಡಬೇಕು? ಎರಡು ದಾರಿ ಇವೆ. ಕಂಪನಿಯವರೇ ಕೊಡುವ ಸೇವೆ ಸುಲಭ. ಸಿನಾಲಜಿಯವರದ್ದು ಕ್ವಿಕ್‌ಕನೆಕ್ಟ್, ಕ್ಯೂನ್ಯಾಪ್‌ದು ಮೈಕ್ಯೂನ್ಯಾಪ್‌ಕ್ಲೌಡ್. ಸಿಜಿನ್ಯಾಟ್ ಇದ್ದರೂ ನಡೆಯುತ್ತವೆ, ಯಾಕೆಂದರೆ ನಡುವೆ ಅವರ ಸರ್ವರ್ ಕೂತಿರುತ್ತದೆ. ಆ ಸರ್ವರ್ ನಿಂತರೆ ಮಾತ್ರ ನೀವೂ ನಿಂತಿರಿ. 2023ರ ಏಪ್ರಿಲ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ಮೇಲೆ ಸೈಬರ್ ದಾಳಿ ಆದಾಗ ಮೈ ಕ್ಲೌಡ್ ಸೇವೆ ಹತ್ತು ದಿನದ ತನಕ ಬಂದ್ ಇತ್ತು. ಮೈ ಕ್ಲೌಡ್ ಹೋಮ್ ಇದ್ದ ಎಷ್ಟೋ ಮಂದಿಗೆ ಕಣ್ಣ ಮುಂದಿನ ಡಬ್ಬಿಯೊಳಗಿನ ಫೋಟೊ ಕೂಡ ಸಿಗಲಿಲ್ಲ. ಮನ್ಯಾಗ ಇಟ್ಟ ತಿಜೋರಿ ಕೀಲಿ ಅಮೆರಿಕಾದಾಗ ಇದ್ದಂಗ. ಅದಕ್ಕೆ ಕೊಳ್ಳುವಾಗ ಕೇಳಬೇಕು: ಇಂಟರ್‌ನೆಟ್ ಇಲ್ಲದಿದ್ದರೂ ಮನೆಯೊಳಗೆ ಇದು ಕೆಲಸ ಮಾಡುತ್ತದೇನು?

ಇನ್ನೊಂದು ದಾರಿ ವಿಪಿಎನ್. ಈಗ ಸಣ್ಣ ಬಳಕೆದಾರರಿಗೆ ಅನುಕೂಲ ಆಗಿರುವುದು ಟೇಲ್‌ಸ್ಕೇಲ್. ವೈರ್‌ಗಾರ್ಡ್ ಅನ್ನುವ ತಂತ್ರಜ್ಞಾನದ ಮೇಲೆ ನಡೆಯುತ್ತದೆ, ಖಾಸಗಿ ಬಳಕೆಗೆ ಪುಕ್ಕಟೆ. ನಾಸ್‌ನಲ್ಲಿ ಒಮ್ಮೆ, ಮಗನ ಲ್ಯಾಪ್‌ಟಾಪ್‌ನಲ್ಲಿ ಒಮ್ಮೆ, ನಿಮ್ಮ ಮೊಬೈಲಿನಲ್ಲಿ ಒಮ್ಮೆ ಹಾಕಿ ಒಂದೇ ಖಾತೆಯಿಂದ ಲಾಗಿನ್ ಆದರೆ ಮೂರೂ ಒಂದೇ ಮನೆಯಲ್ಲಿದ್ದ ಹಾಗೆ ಮಾತಾಡುತ್ತವೆ. ರೌಟರ್‌ನಲ್ಲಿ ಕಿಂಡಿ ತೆಗೆಯುವುದು ಬೇಕಿಲ್ಲ, ಸ್ಟ್ಯಾಟಿಕ್ ಐಪಿಯೂ ಬೇಡ. ನೇರ ಸಂಪರ್ಕ ಸಿಗದಿದ್ದರೆ ಅವರ ನಡುವಿನ ಸರ್ವರ್ ಮೂಲಕ ಹೋಗುತ್ತದೆ, ಆಗ ಸ್ವಲ್ಪ ನಿಧಾನ. ಆಡಿಟರ್‌ಗೆ ಒಂದು ಫೋಲ್ಡರ್ ಅಷ್ಟೇ ತೋರಿಸಬೇಕಂದರೆ ಅವರಿಗೆ ನಾಸ್‌ನಲ್ಲಿ ಬೇರೆ ಯೂಸರ್ ಮಾಡಿ, ಓದುವ ಅನುಮತಿ ಮಾತ್ರ ಕೊಡಬೇಕು. ಅಡ್ಮಿನ್ ಪಾಸ್‌ವರ್ಡ್ ಯಾರಿಗೂ ಬ್ಯಾಡ, ಡಬ್ಬಿ ಕೂಡಿಸಿಕೊಟ್ಟ ಹುಡುಗನಿಗೂ.

ಟ್ಯಾಲಿ ಇಟ್ಟವರಿಗೆ ಒಂದು ಮಾತು. ಟ್ಯಾಲಿ ಡೇಟಾವನ್ನೇ ನಾಸ್‌ನಲ್ಲಿಟ್ಟು ವಿಪಿಎನ್ ಮೇಲೆ ಬೆಂಗಳೂರಿನಿಂದ ತೆರೆಯಲು ಹೋಗಬೇಡಿ. ತೆವಳುತ್ತದೆ, ನಡುವೆ ಲೈನ್ ಕಡಿದರೆ ಡೇಟಾ ಕೆಡುವ ಭಯ ಬೇರೆ. ಲೆಕ್ಕ ಅಂಗಡಿ ಕಂಪ್ಯೂಟರಿನಲ್ಲೇ ಇರಲಿ, ದಿನಾ ರಾತ್ರಿ ಅದರ ಬ್ಯಾಕಪ್ ನಾಸ್‌ಗೆ ಬೀಳಲಿ.

ಸ್ಪೀಡ್ ಯಾವ ಕಡೆದು?

ಪ್ಲ್ಯಾನ್ ಬೋರ್ಡಿನ ಮೇಲೆ ಬರೆದಿರುವುದು ಹೆಚ್ಚಾಗಿ ಡೌನ್‌ಲೋಡ್ ವೇಗ. ಹೊರಗಿನವರು ನಿಮ್ಮ ನಾಸ್‌ನಿಂದ ಫೈಲ್ ಇಳಿಸಿಕೊಂಡರೆ ನಿಮ್ಮ ಲೈನಿಗೆ ಅದು ಅಪ್‌ಲೋಡ್. ಅಪ್‌ಲೋಡ್ 100 ಎಂಬಿಪಿಎಸ್ ಇದ್ದರೆ 1 ಜಿಬಿ ಫೈಲಿಗೆ ಒಂದೂವರೆ ನಿಮಿಷದೊಳಗೆ. 10 ಎಂಬಿಪಿಎಸ್ ಆದರೆ 13 ನಿಮಿಷದ ಮೇಲೆ. ಸ್ಪೀಡ್ ಟೆಸ್ಟ್ ಮಾಡಿ ಎರಡನೇ ನಂಬರ್ ನೋಡಿಕೊಂಡೇ ಮುಂದುವರಿಯಿರಿ. ಮನೆಯೊಳಗೆ ನಾಸ್‌ಗೆ ವೈಫೈ ಬೇಡ, ಕೇಬಲ್ ಹಾಕಿ. ರೌಟರ್‌ನ ಲ್ಯಾನ್ ಪೋರ್ಟ್ ಗಿಗಾಬಿಟ್ ಇರಬೇಕು.

ಡಿಸ್ಕ್‌ನಲ್ಲಿ ಮೋಸ ಹೋಗಬೇಡಿ

ಡೆಸ್ಕ್‌ಟಾಪಿನ ಡಿಸ್ಕ್ ತಂದು ನಾಸ್‌ಗೆ ಹಾಕುವುದು ಬೇಡ. ಹಗಲೂ ರಾತ್ರಿ ತಿರುಗುವುದಕ್ಕೆ ಬೇರೆ ಡಿಸ್ಕ್ ಬರುತ್ತವೆ. ಅದರಲ್ಲೂ ಸಿಎಂಆರ್ ಮಾದರಿಯದೇ ಕೇಳಬೇಕು. ಎಸ್‌ಎಂಆರ್ ಅನ್ನುವ ಇನ್ನೊಂದು ಮಾದರಿಯಲ್ಲಿ ಗೆರೆಗಳು ಮನೆ ಹೆಂಚಿನ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಬರೆಯುವುದು ನಿಧಾನ, ಕೆಟ್ಟ ಡಿಸ್ಕ್ ಬದಲಿಸಿದಾಗ ಮರುಜೋಡಣೆ ದಿನಗಟ್ಟಲೆ ಎಳೆಯುತ್ತದೆ. 2020ರ ಏಪ್ರಿಲ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ನಾಸ್ ಡಿಸ್ಕ್ ರೆಡ್‌ನ 2ರಿಂದ 6 ಟಿಬಿ ಮಾದರಿಗಳಲ್ಲಿ ಎಸ್‌ಎಂಆರ್ ಇದೆ ಅಂತ ಒಪ್ಪಿಕೊಳ್ಳಬೇಕಾಯಿತು. ಅದರ ರೆಡ್ ಪ್ಲಸ್, ಸೀಗೇಟ್‌ನ ಐರನ್‌ವುಲ್ಫ್ ಸಿಎಂಆರ್ ಮಾದರಿಯವು. ಡಬ್ಬಿ ಯಾವ ಡಿಸ್ಕ್ ಒಪ್ಪುತ್ತದೆ ಅನ್ನುವುದನ್ನೂ ನೋಡಿ: 2025ರಲ್ಲಿ ಸಿನಾಲಜಿ ತನ್ನ ಹೊಸ ಪ್ಲಸ್ ಮಾದರಿಗಳಿಗೆ ತನ್ನದೇ ಡಿಸ್ಕ್ ಹಾಕಬೇಕು ಅಂತ ಕಟ್ಟು ಮಾಡಿತ್ತು, ಗಿರಾಕಿಗಳ ಗದ್ದಲಕ್ಕೆ ಅಕ್ಟೋಬರ್‌ನಲ್ಲಿ ಸಡಿಲ ಬಿಟ್ಟಿತು.

ಇನ್ನು 4 ಟಿಬಿ ಡಿಸ್ಕ್ ಕಂಪ್ಯೂಟರಿನಲ್ಲಿ 3.63 ಅಂತ ತೋರಿಸಿದರೆ ಅಂಗಡಿಯವರ ಕೂಡ ಜಗಳ ಬ್ಯಾಡ, ಎಣಿಸುವ ರೀತಿ ಬೇರೆ ಅಷ್ಟೇ. ಎರಡು ಡಿಸ್ಕ್ ಹಾಕಿ ರೇಡ್-1 ಮಾಡಿದರೆ ಎರಡರಲ್ಲೂ ಒಂದೇ ಮಾಲು ಇರುತ್ತದೆ, ಜಾಗ ಒಂದರದ್ದೇ ಸಿಗುತ್ತದೆ. ಸಿಸಿಟಿವಿ ರೆಕಾರ್ಡಿಂಗ್ ಕೂಡ ಇದರಲ್ಲೇ ಇರಲಿ ಅನ್ನುವವರಿದ್ದಾರೆ. 2 ಎಂಬಿಪಿಎಸ್‌ನ ಒಂದು ಕ್ಯಾಮೆರಾ ದಿನಕ್ಕೆ 21 ಜಿಬಿ ನುಂಗುತ್ತದೆ, ನಾಲ್ಕು ಕ್ಯಾಮೆರಾ 86 ಜಿಬಿ. ಅದು ಅದರ ಡಿವಿಆರ್‌ನಲ್ಲೇ ಇರಲಿ.

ಎರಡನೇ ಪ್ರತಿ ಎಲ್ಲಿ?

ರೇಡ್ ಅಂದರೆ ಬ್ಯಾಕಪ್ ಅಂತ ಹೇಳಿ ಮಾರುವವರಿದ್ದಾರೆ. ಅಲ್ಲ. ಒಂದು ಡಿಸ್ಕ್ ಕೆಟ್ಟರೆ ಕೆಲಸ ನಿಲ್ಲದಂತೆ ಅದು ನೋಡಿಕೊಳ್ಳುತ್ತದೆ, ಅಷ್ಟೇ. ತಪ್ಪಿ ಒಂದು ಫೋಲ್ಡರ್ ಡಿಲೀಟ್ ಆದರೆ ಎರಡೂ ಡಿಸ್ಕ್‌ನಲ್ಲಿ ಒಂದೇ ಕ್ಷಣಕ್ಕೆ ಹೋಗುತ್ತದೆ. ಇದಕ್ಕೆ ಸ್ನ್ಯಾಪ್‌ಶಾಟ್ ಸೌಲಭ್ಯ ಬೇಕು, ನಿನ್ನೆಯ ಸ್ಥಿತಿಗೆ ಹಿಂದಿರುಗಿಸುತ್ತದೆ. ಕಡಿಮೆ ದರದ ಕೆಲವು ಮಾದರಿಗಳಲ್ಲಿ ಅದು ಇರುವುದಿಲ್ಲ, ಕೇಳಿಯೇ ತಗೊಳ್ಳಿ.

ಕಳವಾದರೆ, ಸಿಡಿಲು ಬಡಿದರೆ, ನೀರು ಹೊಕ್ಕರೆ? 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟಾಗ ಮಲಪ್ರಭೆ ದಂಡೆಯ ಮನೆ, ಅಂಗಡಿಗಳಿಗೆ ನೀರು ಹೊಕ್ಕಿದ್ದನ್ನು ಈ ಭಾಗದಲ್ಲಿ ಯಾರೂ ಮರೆತಿಲ್ಲ. ಅಂಥ ಹೊತ್ತಿನಲ್ಲಿ ಮಂದಿ ಮೊದಲು ಮಕ್ಕಳು, ದನ, ಕಾಗದಪತ್ರ ನೋಡುತ್ತಾರೆ. ಮೂಲೆಯ ಡಬ್ಬಿ ನೆನಪಾಗುವುದಿಲ್ಲ. ಅಮೆರಿಕದ ಫೋಟೊಗ್ರಾಫರ್ ಪೀಟರ್ ಕ್ರೋಗ್ ಬಳಕೆಗೆ ತಂದ 3-2-1 ಲೆಕ್ಕ ಇಲ್ಲಿಗೂ ಹೊಂದುತ್ತದೆ: ಮೂರು ಪ್ರತಿ, ಎರಡು ಥರದ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ. ಬೈಲಹೊಂಗಲದ ಬೀಗರ ಮನೆಯಲ್ಲಿ ಒಂದು ಎಕ್ಸ್‌ಟರ್ನಲ್ ಡಿಸ್ಕ್ ಇಟ್ಟು ತಿಂಗಳಿಗೊಮ್ಮೆ ಬದಲಿಸಿದರೂ ನಡೆಯುತ್ತದೆ. ಬೆಂಗಳೂರಿನ ಮಗನ ಮನೆಯಲ್ಲಿ ಇನ್ನೊಂದು ಸಣ್ಣ ನಾಸ್ ಇದ್ದರೆ ರಾತ್ರಿ ಹೊತ್ತು ತಾನೇ ನಕಲಾಗುವಂತೆ ಮಾಡಬಹುದು. ಆದರೆ ಮೊದಲ ನಕಲು ಇಲ್ಲೇ ಕೇಬಲ್ ಹಾಕಿ ಮಾಡಿ ಕಳಿಸಿ. 2 ಟಿಬಿ ಮಾಲು 100 ಎಂಬಿಪಿಎಸ್ ಲೈನಿನಲ್ಲಿ ಹೋಗಲು 44 ತಾಸು ಹಿಡಿಯುತ್ತದೆ, ಅದೂ ಲೈನ್ ಒಮ್ಮೆಯೂ ಕಡಿಯದಿದ್ದರೆ.

ಕರೆಂಟ್ ವಿಚಾರ

ಬರೆಯುತ್ತಿರುವಾಗ ಕರೆಂಟ್ ಹೋದರೆ ಡಿಸ್ಕ್‌ನ ಕಡತ ಕೆಡಬಹುದು. ಮನೆ ಇನ್ವರ್ಟರ್ ನಂಬುವುದಕ್ಕಿಂತ ಸಣ್ಣ ಯುಪಿಎಸ್ ಲೇಸು. ಯುಎಸ್‌ಬಿ ಕೇಬಲ್‌ನಿಂದ ನಾಸ್‌ಗೆ ಸೇರುವಂಥದ್ದು ತಂದರೆ ಬ್ಯಾಟರಿ ಮುಗಿಯುವ ಮುಂಚೆ ಡಬ್ಬಿ ತಾನೇ ಸರಿಯಾಗಿ ಬಂದ್ ಆಗುತ್ತದೆ. ರೌಟರ್, ಫೈಬರ್ ಡಬ್ಬಿ ಕೂಡ ಅದೇ ಯುಪಿಎಸ್ ಮೇಲೆ ಇರಲಿ. ಎರಡು ಡಿಸ್ಕ್‌ನ ನಾಸ್ 20 ವ್ಯಾಟ್ ಎಳೆದರೆ ತಿಂಗಳಿಗೆ 14–15 ಯೂನಿಟ್. ಗೃಹಜ್ಯೋತಿ ಇದ್ದ ಮನೆಯವರು ಇದನ್ನ ಲೆಕ್ಕ ಹಿಡಿಯಬೇಕು. ಹಿಂದಿನ ಸರಾಸರಿ ತಿಂಗಳಿಗೆ 70 ಯೂನಿಟ್ ಇದ್ದವರಿಗೆ ಶೇ 10 ಸೇರಿಸಿ 77ರ ತನಕ ಪುಕ್ಕಟೆ. ನಾಸ್ ಸೇರಿ 85 ಆದರೆ ಮೇಲಿನ 8 ಯೂನಿಟ್ಟಿನ ಬಿಲ್ ಹೆಸ್ಕಾಂನಿಂದ ಬರುತ್ತದೆ.

ರೊಕ್ಕ ಕೊಡುವ ಮುಂಚೆ

ಡಬ್ಬಿ ಕೂಡಿಸಿದ ದಿನ ಅಂಗಡಿಯವರ ಮುಂದೆಯೇ ಮೂರು ಕೆಲಸ ಮಾಡಿಸಿ. ಮೊಬೈಲಿನ ವೈಫೈ ಆರಿಸಿ, ಬರೀ ಮೊಬೈಲ್ ಡೇಟಾ ಮೇಲೆ ಒಂದು ಫೋಟೊ ತೆಗೆಸಿ. ಒಂದು ಫೈಲ್ ಡಿಲೀಟ್ ಮಾಡಿಸಿ, ಅದನ್ನ ವಾಪಸ್ ತರಿಸಿ. ಆಮೇಲೆ ಡಬ್ಬಿ ಬಂದ್ ಮಾಡಿ ಒಂದು ಡಿಸ್ಕ್ ಹೊರಗೆ ತೆಗೆಸಿ ಮತ್ತೆ ಚಾಲೂ ಮಾಡಿಸಿ, ಉಳಿದ ಡಿಸ್ಕ್ ಮೇಲೆ ಫೈಲ್ ತೆರೆಯುತ್ತವೇನು ನೋಡಿ. ಈ ಮೂರನೆಯದಕ್ಕೆ ಕೆಲವರು "ಬ್ಯಾಡ್ರಿ, ಗ್ಯಾರಂಟಿ ಹೋಗತೈತಿ" ಅನ್ನಬಹುದು. ಡಿಸ್ಕ್ ಬದಲಿಸಲಿಕ್ಕೆ ಅಂತಲೇ ಮಾಡಿದ ಡಬ್ಬಿ ಅದು, ಹೋಗುವುದಿಲ್ಲ. ತೆಗೆದ ಡಿಸ್ಕ್ ವಾಪಸ್ ಹಾಕಿದ ಮೇಲೆ ಮರುಜೋಡಣೆಗೆ ಕೆಲ ತಾಸು ಹಿಡಿಯುತ್ತದೆ. ಅದಕ್ಕೆ ಡಬ್ಬಿಯಲ್ಲಿ ನಿಮ್ಮ ಮಾಲು ತುಂಬುವ ಮುಂಚೆಯೇ ಇದನ್ನ ಮುಗಿಸಿಕೊಳ್ಳಿ.