ರಾಗ್ಲನ್: ಒಂಟಿ ತೋಳಿನವನ ಹೆಸರು ಹೊತ್ತ ತೋಳು

ಸಾಮಾನ್ಯ ಅಂಗಿಯ ತೋಳು ಹೆಗಲಿನ ತುದಿಯಲ್ಲಿ ಮುಗಿಯುತ್ತದೆ. ಅಲ್ಲೊಂದು ದುಂಡನೆಯ ಹೊಲಿಗೆ; ಅದರಾಚೆ ಮೈ, ಈಚೆ ತೋಳು. ರಾಗ್ಲನ್ ತೋಳಿಗೆ ಈ ಗಡಿ ಗೊತ್ತಿಲ್ಲ. ಅದು ಹೆಗಲನ್ನೂ ತನ್ನೊಳಗೆ ಸೇರಿಸಿಕೊಂಡು ಕಾಲರಿನವರೆಗೆ ಏರುತ್ತದೆ. ಹೊಲಿಗೆ ಕಂಕುಳಿನಿಂದ ಕೊರಳಿಗೆ ಓರೆಯಾಗಿ ಹಾಯುತ್ತದೆ. ಬಿಳಿ ಮೈಗೆ ಕೆಂಪೋ ನೀಲಿಯೋ ತೋಳಿರುವ ಟಿ-ಶರ್ಟ್ ಮನೆಯಲ್ಲಿದ್ದರೆ ತೆಗೆದು ನೋಡಿ, ಬಹುಮಟ್ಟಿಗೆ ಅದು ಇದೇ.

ಹೆಸರು ಮೊದಲು ಇದ್ದದ್ದು ಒಂದು ಊರಿಗೆ. ವೇಲ್ಸ್‌ನ ಮಾನ್ಮತ್‌ಶೈರ್‌ನಲ್ಲಿ ರಾಗ್ಲನ್ ಎಂಬ ಹಳ್ಳಿ, ಅದರ ಪಕ್ಕದಲ್ಲಿ ಅದೇ ಹೆಸರಿನ ಹಾಳುಕೋಟೆ. 1646ರಲ್ಲಿ ಇಂಗ್ಲೆಂಡಿನ ಅಂತರ್ಯುದ್ಧದ ಮುತ್ತಿಗೆಗೆ ಸಿಕ್ಕು ಬಿದ್ದ ಕೋಟೆ ಅದು. ಸಾಮರ್‌ಸೆಟ್ ಮನೆತನದ ಆಸ್ತಿ. ಆ ಮನೆತನದ ಐದನೆಯ ಬೋಫರ್ಟ್ ಡ್ಯೂಕನ ಕಿರಿಯ ಮಗ ಫಿಟ್ಸ್‌ರಾಯ್ ಸಾಮರ್‌ಸೆಟ್ ಹುಟ್ಟಿದ್ದು 1788ರಲ್ಲಿ. 1852ರಲ್ಲಿ ಅವನಿಗೆ ಬ್ಯಾರನ್ ಪದವಿ ಬಂದಾಗ ಹೆಸರಾಗಿ ಸಿಕ್ಕಿದ್ದು ಈ ಹಳ್ಳಿ. ಊರು ಬಿರುದಾಗಿ, ಬಿರುದು ಕೋಟಾಗಿ, ಕೋಟು ತೋಳಾದ ಕಥೆ ಇಲ್ಲಿಂದ ಶುರು.

ಅವನು ಬಹುಕಾಲ ಡ್ಯೂಕ್ ಆಫ್ ವೆಲ್ಲಿಂಗ್ಟನ್‌ನ ಸೇನಾ ಕಾರ್ಯದರ್ಶಿಯಾಗಿದ್ದ; ಆ ಡ್ಯೂಕನ ಅಣ್ಣನ ಮಗಳನ್ನೇ ಮದುವೆಯಾಗಿದ್ದ. ಈ ವೆಲ್ಲಿಂಗ್ಟನ್ ನಮಗೆ ಹೊಸಬನಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದರ ಆಡಳಿತ ಹಿಡಿದ ಆರ್ಥರ್ ವೆಲ್ಲೆಸ್ಲಿಯೇ ಅವನು. ಅವನ ಹೆಸರು ಬೂಟಿಗೆ ಅಂಟಿತು, ಕಾರ್ಯದರ್ಶಿಯ ಹೆಸರು ಕೋಟಿಗೆ.

1815ರ ವಾಟರ್‌ಲೂ ಕದನದಲ್ಲಿ ಸಾಮರ್‌ಸೆಟ್‌ನ ಬಲ ಮೊಣಕೈಗೆ ಗುಂಡು ತಗುಲಿತು. ತೋಳು ಕತ್ತರಿಸಬೇಕಾಯಿತು, ಅರಿವಳಿಕೆಯಿಲ್ಲದ ಕಾಲ. ಕತ್ತರಿಸಿದ ತೋಳನ್ನು ಒಯ್ಯುತ್ತಿದ್ದವರನ್ನು ಅವನು ಕರೆದು, ಹೆಂಡತಿ ಕೊಟ್ಟ ಉಂಗುರ ಆ ಬೆರಳಲ್ಲಿದೆ, ವಾಪಸು ತನ್ನಿ ಎಂದನಂತೆ. ಆಮೇಲೆ ಎಡಗೈಯಲ್ಲಿ ಬರೆಯುವುದನ್ನು ಕಲಿತು ಕೆಲಸಕ್ಕೆ ಮರಳಿದ.

1854ರಲ್ಲಿ ರಷ್ಯದ ವಿರುದ್ಧ ಕ್ರಿಮಿಯಾ ಯುದ್ಧಕ್ಕೆ ಬ್ರಿಟಿಷ್ ಸೇನೆಯ ದಳಪತಿಯಾಗಿ ಹೊರಟಾಗ ಅವನಿಗೆ ಅರವತ್ತೈದು ದಾಟಿತ್ತು. ಆ ಬಾರಿ ಫ್ರೆಂಚರು ಮಿತ್ರರು; ಆದರೂ ಮುದುಕ ಹಳೆಯ ರೂಢಿಯಂತೆ ಶತ್ರುವನ್ನು ‘ಫ್ರೆಂಚರು’ ಎಂದೇ ಕರೆಯುತ್ತಿದ್ದನಂತೆ. ಅಕ್ಟೋಬರ್ 25ರಂದು ಬಾಲಕ್ಲಾವಾದಲ್ಲಿ ಅವನ ಅಸ್ಪಷ್ಟ ಆಜ್ಞೆಯೊಂದು ಲಘು ಅಶ್ವದಳವನ್ನು ರಷ್ಯದ ಫಿರಂಗಿಗಳ ಬಾಯಿಗೆ ಕಳಿಸಿತು. ಅದರ ಮುಂದಾಳು ಅರ್ಲ್ ಆಫ್ ಕಾರ್ಡಿಗನ್. ಹೌದು, ಗುಂಡಿ ಹಾಕುವ ಸ್ವೆಟರಿಗೆ ಹೆಸರು ಕೊಟ್ಟವನೇ.

ನನ್ನನ್ನು ಹೆಚ್ಚು ಕಾಡುವುದು ಆಮೇಲಿನ ಚಳಿಗಾಲ. ನವೆಂಬರ್ 14ರ ಬಿರುಗಾಳಿಗೆ ಬಾಲಕ್ಲಾವಾ ಬಂದರಿನ ಹೊರಗಿದ್ದ ‘ಪ್ರಿನ್ಸ್’ ಎಂಬ ಹಡಗು ಮುಳುಗಿತು. ಸೈನಿಕರ ಬೆಚ್ಚನೆಯ ಬಟ್ಟೆಗಳು ಅದರಲ್ಲಿದ್ದವು. ಹರಿದ ಸಮವಸ್ತ್ರದಲ್ಲಿ ಹಿಮದ ಕಂದಕಗಳಲ್ಲಿ ನಿಂತವರು ಗುಂಡಿಗಿಂತ ಕಾಯಿಲೆಗೇ ಹೆಚ್ಚು ಸತ್ತರು. ‘ಟೈಮ್ಸ್’ ಪತ್ರಿಕೆಗೆ ವಿಲಿಯಂ ಹೊವಾರ್ಡ್ ರಸೆಲ್ ಕಳಿಸಿದ ವರದಿಗಳಿಂದ ಲಂಡನ್ನಿನಲ್ಲಿ ಸರ್ಕಾರವೇ ಅಲುಗಾಡಿತು. ಕೋಟು, ಸ್ವೆಟರ್, ಟೋಪಿ ಮೂರಕ್ಕೂ ಇಂಗ್ಲಿಷಿನಲ್ಲಿ ಹೆಸರು ಕೊಟ್ಟ ಯುದ್ಧ ಇದು. ಹೊದೆಯಲು ಬಟ್ಟೆಯಿಲ್ಲದೆ ಸತ್ತವರ ಯುದ್ಧ. ಹೆಸರು ಉಳಿದದ್ದು ಮಾತ್ರ ದಳಪತಿಗಳದು. 1855ರ ಜೂನ್ 28ರಂದು ಸೆವಾಸ್ತೊಪೋಲ್ ಮುತ್ತಿಗೆಯ ನಡುವೆ ರಾಗ್ಲನ್ ತಾನೂ ಆಮಶಂಕೆಯಿಂದ ತೀರಿಕೊಂಡ.

ಕೋಟು ಹುಟ್ಟಿದ ಬಗ್ಗೆ ಎರಡು ಕಥೆಗಳು ಓಡಾಡುತ್ತವೆ. ಒಂಟಿ ತೋಳಿನ ದೊರೆ ಸುಲಭವಾಗಿ ತೊಟ್ಟುಕೊಳ್ಳಲೆಂದು ದರ್ಜಿ ಈ ತೋಳು ಕತ್ತರಿಸಿದ ಎನ್ನುವುದು ಒಂದು. ಆಗ ಹೊಸದಾಗಿ ನೀರು ಹಿಡಿಯದ ಉಣ್ಣೆ ಬಟ್ಟೆ ಮಾಡುತ್ತಿದ್ದ ಅಕ್ವಾಸ್ಕ್ಯೂಟಮ್ ಅಂಗಡಿಯ ಹೆಸರು ಇದಕ್ಕೆ ಸೇರುತ್ತದೆ. ಚಳಿಗೆ ನಡುಗುತ್ತಿದ್ದವರು ಆಲೂಗಡ್ಡೆ ಚೀಲಕ್ಕೆ ಓರೆ ಕತ್ತರಿ ಹಾಕಿ ತೊಟ್ಟರು ಎನ್ನುವುದು ಇನ್ನೊಂದು. ನಮ್ಮಲ್ಲಿ ಮಳೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡವರಿಗೆ ಎರಡನೆಯದು ತಟ್ಟನೆ ನಂಬಿಕೆ ಹುಟ್ಟಿಸುತ್ತದೆ. ನಿಘಂಟುಗಳು ಇಷ್ಟು ದೂರ ಬರುವುದಿಲ್ಲ. ಲಾರ್ಡ್ ರಾಗ್ಲನ್‌ನಿಂದ ಬಂದ ಹೆಸರು ಎಂದಷ್ಟೇ ಹೇಳಿ ಸುಮ್ಮನಾಗುತ್ತವೆ. ಅವು ಹೇಳುವ ಇನ್ನೊಂದು ಸಂಗತಿ ಮುಖ್ಯ: ‘ರಾಗ್ಲನ್’ ಎಂದರೆ ಮೊದಲು ಸಡಿಲವಾದ ಒಂದು ಮೇಲಂಗಿ. ತೋಳಿಗೆ ಅದೇ ಹೆಸರು ಬಂದದ್ದು ಆಮೇಲೆ. ತೋಳಿನಿಂದಲೇ ಕಥೆ ಹೆಣೆಯುವವರು ಇದನ್ನು ಮರೆಯುತ್ತಾರೆ.

ಬಾಲಕ್ಲಾವಾ ಟೋಪಿಯದೂ ಹೀಗೆಯೇ. ಆ ಹೆಸರು ಅಚ್ಚಿನಲ್ಲಿ ಕಾಣಿಸಿಕೊಂಡದ್ದು ಯುದ್ಧ ಮುಗಿದು ಎರಡು ದಶಕಗಳಾದ ಮೇಲೆ. ಡಿಸೆಂಬರಿನ ಬೆಂಗಳೂರಲ್ಲಿ ಬೆಳಗಿನ ವಾಕಿಂಗ್ ಹೊರಡುವ ಹಿರಿಯರ ತಲೆ, ಕಿವಿ, ಗಲ್ಲ ಮುಚ್ಚುವ ಮಂಕಿ ಕ್ಯಾಪ್ ಅದೇ ಟೋಪಿ. ನಾವು ಯುದ್ಧವನ್ನು ಬಿಟ್ಟು ಮಂಗನನ್ನು ಹಿಡಿದೆವು. ಮುಖ ನೋಡಿದರೆ ನಮ್ಮ ಹೆಸರೇ ಸರಿ ಎನ್ನಿಸುತ್ತದೆ.

ಹೆಸರು ಹೇಗೇ ಬಂದಿರಲಿ, ತೋಳು ಉಳಿದದ್ದು ತನ್ನ ಗುಣದಿಂದ. ಸಾಮಾನ್ಯ ತೋಳಿಗೆ ಹೆಗಲಿನ ಅಳತೆ ಕರಾರುವಾಕ್ಕಾಗಿ ಬೇಕು. ಕಾಲಿಂಚು ತಪ್ಪಿದರೂ ಎದೆಯಲ್ಲಿ ನಿರಿಗೆ. ರಾಗ್ಲನ್ನಿನಲ್ಲಿ ಹೆಗಲು ಎಲ್ಲಿ ಮುಗಿಯುತ್ತದೆಂದು ಹೊಲಿಗೆ ಹೇಳುವುದೇ ಇಲ್ಲ, ಆದ್ದರಿಂದ ಬೇರೆ ಬೇರೆ ಮೈಕಟ್ಟಿಗೂ ಹೊಂದುತ್ತದೆ. ಒಳಗೆ ಸ್ವೆಟರ್ ಹಾಕಿದ್ದರೂ ಕೋಟು ಬಿಗಿಯುವುದಿಲ್ಲ. ಹೆಗಲ ತುದಿಯಲ್ಲಿ ದುಂಡು ಹೊಲಿಗೆ ಇಲ್ಲದಿರುವುದು ಮಳೆಕೋಟಿಗೆ ಅನುಕೂಲ. ಬೀಸಿ ಎಸೆಯುವಾಗ ತೋಳು ಸಲೀಸಾಗಿ ಎದ್ದೇಳುವುದರಿಂದ ಅಮೆರಿಕದ ಬೇಸ್‌ಬಾಲ್ ಆಟಗಾರರು ಮುಕ್ಕಾಲು ತೋಳಿನ ರಾಗ್ಲನ್ ಅಂಗಿಯನ್ನು ತಮ್ಮದಾಗಿಸಿಕೊಂಡರು. ದೋಷವೂ ಉಂಟು: ಹೆಗಲ ಮೇಲೆ ಡಾರ್ಟ್ ಹಾಕದಿದ್ದರೆ ಅಥವಾ ತೋಳನ್ನು ಎರಡು ತುಂಡಾಗಿ ಕತ್ತರಿಸದಿದ್ದರೆ ದಪ್ಪ ಬಟ್ಟೆ ಅಲ್ಲಿ ಉಬ್ಬಿ ನಿಲ್ಲುತ್ತದೆ. ಇಳಿಹೆಗಲಿನವರು ಇನ್ನೂ ಇಳಿದಂತೆ ಕಾಣುತ್ತಾರೆ.

ಇದು ನಿಜವಾಗಿ ಅರಳಿದ್ದು ಹೆಣಿಗೆಯಲ್ಲಿ ಎಂದು ನನ್ನ ಎಣಿಕೆ. ಕೊರಳಿನಿಂದ ಆರಂಭಿಸಿ, ನಾಲ್ಕು ಓರೆ ಗೆರೆಗಳಲ್ಲಿ ಕುಣಿಕೆ ಹೆಚ್ಚಿಸುತ್ತ ಕೆಳಗಿಳಿದರೆ ಮೈಯೂ ತೋಳುಗಳೂ ಒಟ್ಟಿಗೇ ಮೂಡುತ್ತವೆ; ಜೋಡಿಸುವ ಹೊಲಿಗೆಯೇ ಬೇಡ. ಅಮೆರಿಕದ ಬಾರ್ಬರಾ ವಾಕರ್ 1972ರಲ್ಲಿ ಮೇಲಿನಿಂದ ಹೆಣೆಯುವ ವಿಧಾನಕ್ಕೇ ಒಂದು ಪುಸ್ತಕ ಮೀಸಲಿಟ್ಟರು. ಮಗುವಿಗೆಂದು ಹೆಣೆದ ಉಲ್ಲನ್ ಸ್ವೆಟರಿನಲ್ಲಿ ಕಂಕುಳಿನಿಂದ ಕೊರಳಿಗೆ ತೂತುತೂತಾದ ಓರೆ ಸಾಲು ಕಂಡರೆ, ಆ ಅಜ್ಜಿ ಹೆಸರು ಕೇಳದೆಯೇ ರಾಗ್ಲನ್ ಹೆಣೆದಿದ್ದಾಳೆ.

ಜಾನಪದ ಓದಿದವರಿಗೆ ಮಾತ್ರ ಲಾರ್ಡ್ ರಾಗ್ಲನ್ ಎಂದರೆ ಕೋಟು ನೆನಪಾಗುವುದಿಲ್ಲ. ಅವರ ರಾಗ್ಲನ್ ನಾಲ್ಕನೆಯ ಬ್ಯಾರನ್, ಒಂಟಿ ತೋಳಿನ ದಳಪತಿಯ ಮರಿಮಗ. ಈಡಿಪಸ್, ಆರ್ಥರ್ ದೊರೆ, ರಾಬಿನ್ ಹುಡ್ ಮುಂತಾದವರ ಕಥೆಗಳನ್ನು 22 ಲಕ್ಷಣಗಳ ಒಂದೇ ಅಚ್ಚಿಗೆ ಹೊಂದಿಸಿ ನೋಡಿ, ವೀರರ ಕಥೆಗಳನ್ನು ಇತಿಹಾಸವೆಂದು ನಂಬಬಾರದು ಎಂದು ಅವನು ಪುಸ್ತಕ ಬರೆದ. ‘ದಿ ಹೀರೊ’ ಎಂಬ ಆ ಪುಸ್ತಕ ಅಚ್ಚಾದದ್ದು 1936ರಲ್ಲಿ.